ಈಗಿನ ಸ್ಥಿತಿ: ಎಲ್ಲ ಕ್ಷೇಮ

ಬೆಳಗಿನ ಅಂಚೆಯಲ್ಲಿ ಒಂದೇ ಒಂದು ಕಾಗದವಿತ್ತು. ಹನ್ನೊಂದು ವರ್ಷಗಳಲ್ಲಿ ಆ ಚುನಾವಣಾ ಕಚೇರಿಗೆ ಬಂದ ಮೊದಲ ಕಾಗದ ಅದು. ಕೇಂದ್ರ ಕಚೇರಿಯವರು ಸಂಸತ್ ಕ್ಷೇತ್ರಗಳ ಚರಿತ್ರೆಯ ಪುಸ್ತಕ ತರುತ್ತಿದ್ದಾರಂತೆ. ದೇಶದಲ್ಲೇ ಅತಿ ಚಿಕ್ಕದಾದ ಗ್ರಾಮಾಂತರ ಕ್ಷೇತ್ರದ ಚರಿತ್ರೆಯನ್ನು ಅಲ್ಲಿನ ಗುಮಾಸ್ತರು ಬರೆದಿಡಬೇಕಂತೆ. ಸಂಜೆ ಐದಕ್ಕೆ ಅಧಿಕಾರಿಯೊಬ್ಬರು ಖುದ್ದಾಗಿ ಬಂದು ಒಯ್ಯುತ್ತಾರಂತೆ. ಜೊತೆಗೊಂದು ನಮೂನೆ ಇತ್ತು. ಹುಟ್ಟಿದ ವರ್ಷ, ಗೆದ್ದವರು, ವಿಶೇಷ ಘಟನೆಗಳು, ಇವೆಲ್ಲ ಸರಿಯೇ. ಕೊನೆಯ ಕಲಮು ಮಾತ್ರ ಗುಮಾಸ್ತರನ್ನು ಕಂಗೆಡಿಸಿತು. ಅಲ್ಲಿ ‘ಈಗಿನ ಸ್ಥಿತಿ’ ಎಂದಿತ್ತು.

ನಿಜ ಹೇಳಬೇಕೆಂದರೆ ಕ್ಷೇತ್ರಕ್ಕೆ ಈಗ ಯಾವ ಸ್ಥಿತಿಯೂ ಇರಲಿಲ್ಲ. ಹನ್ನೊಂದು ವರ್ಷದ ಹಿಂದೆ ಗಡಿ ಗುರುತಿಸುವವರು ಬಂದು ಅದನ್ನು ಹಳೇ ದುಪ್ಪಟಿ ಹರಿದ ಹಾಗೆ ಮೂರು ಚೂರು ಮಾಡಿ, ಅಕ್ಕಪಕ್ಕದ ಮೂರು ಕ್ಷೇತ್ರಗಳಿಗೆ ಹಂಚಿಬಿಟ್ಟಿದ್ದರು. ಕ್ಷೇತ್ರ ಹೋಯಿತು, ಕಚೇರಿ ಉಳಿಯಿತು. ಮುಚ್ಚಿ ಎಂದು ಯಾರೂ ಬರೆಯಲಿಲ್ಲ. ಮೇಲಿನಿಂದ ಕಾಗದ ಬಾರದೆ ಈ ಲೋಕದಲ್ಲಿ ಯಾವುದೂ ಮುಗಿಯುವುದಿಲ್ಲ ಎಂಬುದು ಗುಮಾಸ್ತರ ದೃಢವಾದ ನಂಬಿಕೆ. ಹಾಗಾಗಿ ಅವರು ಪ್ರತಿ ವರ್ಷ ಇಲ್ಲದ ಕ್ಷೇತ್ರದ ಮತದಾರರ ಪಟ್ಟಿಯನ್ನು ತಿದ್ದುತ್ತಿದ್ದರು. ಸತ್ತವರಿಗೆ ಕೆಂಪು ಗೆರೆ, ವಯಸ್ಸಿಗೆ ಬಂದವರಿಗೆ ಹೊಸ ಸಾಲು, ಕೊನೆಗೆ ಮೊಹರು, ಆಮೇಲೆ ಬೀರು. ಆ ಪಟ್ಟಿಯ ಮೇಲೆ ಅವರಿಗೆ ನಿಜವಾದ ಪ್ರೀತಿಯಿತ್ತು. ಗುರುತಿನವರ ಹೆಸರಿನ ಮೇಲೆ ಗೆರೆ ಎಳೆಯುವ ದಿನ ಅವರಿಗೆ ಊಟ ಸೇರುತ್ತಿರಲಿಲ್ಲ.

ನಿವೃತ್ತಿಗೆ ಇನ್ನು ಏಳೇ ತಿಂಗಳು. ‘ರದ್ದಾಗಿದೆ’ ಎಂದು ಬರೆದರೆ ಅದರ ಜೊತೆ ತಮ್ಮ ಹನ್ನೊಂದು ವರ್ಷದ ಸೇವೆಯೂ ರದ್ದು, ಪಿಂಚಣಿಯೂ ರದ್ದು ಎಂದು ಅವರು ಲೆಕ್ಕ ಹಾಕಿದರು. ಹೆಂಡತಿಗೆ ಫೋನು ಮಾಡಿ ವಿಷಯ ತಿಳಿಸಿ, ಯಾರಿಗೂ ಹೇಳಬೇಡ ಎಂದರು. ಆಕೆ ಇಬ್ಬರಿಗೆ ಮಾತ್ರ ಹೇಳಿದಳು. ಅರ್ಧ ಗಂಟೆಯಲ್ಲಿ ಕಚೇರಿಯ ಕೆಳಗಿನ ಅಂಗಡಿಗಳಿಂದ ಟೈಲರೂ ಕ್ಷೌರಿಕನೂ ಮೆಟ್ಟಿಲು ಹತ್ತಿ ಬಂದರು. ಅವರಿಬ್ಬರಿಗೂ ಮಾತು ಬಿಟ್ಟು ಆರು ವರ್ಷವಾಗಿತ್ತು. ಆದರೂ ಮೂರನೆಯವರ ಕಷ್ಟ ಎಂದರೆ ಒಂದಾಗುತ್ತಿದ್ದರು.

ಆ ಕಲಮನ್ನು ಖಾಲಿ ಬಿಡಿ ಎಂದ ಕ್ಷೌರಿಕ. ಖಾಲಿ ಬಿಟ್ಟರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತದೆ ಎಂದ ಟೈಲರು.

“ಮೊದಲು ಚರಿತ್ರೆ ಭರ್ಜರಿಯಾಗಿ ಬರೀರಿ. ಓದಿ ಓದಿ ಸುಸ್ತಾದೋರು ಕೊನೆ ಸಾಲು ಯಾಕೆ ನೋಡ್ತಾರೆ?” ಅಂತಲೂ ಅವನೇ ಅಂದ.

ಗುಮಾಸ್ತರಿಗೆ ಧೈರ್ಯ ಬಂತು. ಬರೆಯುತ್ತಾ ಹೋದಂತೆ ಹುರುಪೂ ಬಂತು. ಮೊದಲ ಸದಸ್ಯ ಗೆದ್ದ ಸಂತೋಷದಲ್ಲಿ ದಾರಿ ತಪ್ಪಿ ಪಕ್ಕದ ಕ್ಷೇತ್ರದ ಮತದಾರರಿಗೆ ಕೃತಜ್ಞತೆ ಹೇಳಿ ಬಂದದ್ದನ್ನು ಬರೆದರು. ಎರಡನೆಯವನು ಮೂರು ಸಲ ಗೆದ್ದದ್ದು ಸ್ವಂತ ಬಲದಿಂದಲ್ಲ, ಎದುರು ನಿಂತ ಅವನ ಇಬ್ಬರು ಭಾವಮೈದುನರು ಮತ ಹಂಚಿಕೊಂಡಿದ್ದರಿಂದ ಎಂಬುದನ್ನೂ ಬಿಡಲಿಲ್ಲ. ಪ್ರವಾಹದ ವರ್ಷ ಹೊಳೆ ಪಾತ್ರ ಬದಲಿಸಿ ಏಳು ಮನೆಗಳು ರಾತ್ರೋರಾತ್ರಿ ಬೇರೆ ಕ್ಷೇತ್ರ ಸೇರಿದ ಕತೆ ನಾಲ್ಕು ಪುಟವಾಯಿತು. ನಡುವೆ ಕ್ಷೌರಿಕ, ಮೊದಲ ಸದಸ್ಯನ ಗಡ್ಡ ತೆಗೆದದ್ದು ತನ್ನ ತಾತ ಎಂದು ಸೇರಿಸಿದ. ಕೋಟು ಹೊಲಿದದ್ದು ತನ್ನ ತಂದೆ ಎಂದು ಟೈಲರು ಅದಕ್ಕಿಂತ ಎರಡು ಸಾಲು ಹೆಚ್ಚು ಹಾಕಿಸಿದ.

ನಾಲ್ಕೂವರೆಗೆ ಕೊನೆಯ ಕಲಮು ಬಂತು. ಗುಮಾಸ್ತರು ಸುಳ್ಳು ಬರೆಯುವ ಜಾತಿಯವರಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಯೋಚಿಸಿ, ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದರು: ‘ಮತದಾರರು ಹನ್ನೆರಡು ಸಾವಿರದ ನಾನ್ನೂರ ಆರು. ಪಟ್ಟಿ ಸಿದ್ಧ. ಎಲ್ಲ ಕ್ಷೇಮ.’ ಇದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ.

ಟೈಲರೂ ಕ್ಷೌರಿಕನೂ ಬಾಗಿಲಾಚೆ ಸರಿಯುತ್ತಿದ್ದಂತೆ, ಐದಕ್ಕೆ ಸರಿಯಾಗಿ ಅಧಿಕಾರಿ ಬಂದರು. ಸಣಕಲು ಮನುಷ್ಯ, ಮುಖದಲ್ಲಿ ಸಜ್ಜನಿಕೆ ತುಂಬಿತ್ತು. ಮೂವತ್ತೊಂದು ಪುಟವನ್ನೂ ನಿಂತೇ ಓದಿದರು. ಭಾವಮೈದುನರ ಪುಟದಲ್ಲಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕೊನೆಯ ಸಾಲಿಗೆ ಬಂದಾಗ ನಗು ನಿಂತಿತು. ಪಟ್ಟಿ ತೋರಿಸಿ ಎಂದರು. ಬೀರು ತೆರೆಯಿತು. ಹೋದ ವಾರ ತೀರಿಕೊಂಡವರಿಗೂ ಕೆಂಪು ಗೆರೆ ಬಿದ್ದಿತ್ತು. ಅಧಿಕಾರಿ ಕುರ್ಚಿಯಲ್ಲಿ ಕುಳಿತು ಚೀಲದಿಂದ ಒಂದು ಆದೇಶ ತೆಗೆದರು.

“ನಮ್ಮ ದಾಖಲೆಯಲ್ಲಿ ಈ ಕ್ಷೇತ್ರ ರದ್ದಾಗಿದೆ ಅಂತ ಇತ್ತು. ಅಂಥ ಕಡೆ ಉಳಿದುಹೋದ ಗುಮಾಸ್ತರಿಗೆ ಅನ್ಯಾಯ ಆಗಬಾರದು ಅಂತ, ಇವತ್ತಿಂದಲೇ ಪೂರ್ತಿ ಪಿಂಚಣಿ ಕೊಟ್ಟು ಮನೆಗೆ ಕಳಿಸೋ ಆದೇಶ ಇದು. ನಿಮ್ಮ ಹೆಸರೇ ಇದೆ. ಸದ್ಯ, ಕೊಡೋ ಮುಂಚೆ ಓದಿದೆ,” ಎಂದು ಅದನ್ನು ನಾಲ್ಕು ಚೂರು ಮಾಡಿದರು.

ಗುಮಾಸ್ತರು ಗಡಿಬಿಡಿಯಿಂದ ಪೆನ್ನು ತೆಗೆದರು. ಕೊನೆಯ ಸಾಲಿಗೆ ಒಂದು ಸಣ್ಣ ತಿದ್ದುಪಡಿ ಇದೆ ಎಂದರು. ಇಷ್ಟು ಚೆನ್ನಾದ ಬರಹಕ್ಕೆ ತಿದ್ದುಪಡಿಯೇ ಎಂದು ಅಧಿಕಾರಿ ಅವರ ಬೆನ್ನು ತಟ್ಟಿದರು. ಇಷ್ಟೊಂದು ಮತದಾರರು ಹನ್ನೊಂದು ವರ್ಷದಿಂದ ಸದಸ್ಯನಿಲ್ಲದೆ ಇದ್ದಾರೆಂದರೆ ಇಲಾಖೆ ತಲೆ ತಗ್ಗಿಸಬೇಕು, ತಿಂಗಳೊಳಗೆ ಉಪಚುನಾವಣೆ ನಡೆಸಲೇಬೇಕು, ಇಂಥ ನಿಷ್ಠಾವಂತರನ್ನು ಬಿಟ್ಟು ಚುನಾವಣಾಧಿಕಾರಿ ಬೇರೆ ಯಾರು ಎಂದರು. ಅಲ್ಲಿಯೇ ನೇಮಕದ ಕಾಗದ ಬರೆದು ರುಜು ಹಾಕಿದರು. ಮುಂದಿನ ಆದೇಶ ಬರುವವರೆಗೆ ನಿವೃತ್ತಿಯಿಲ್ಲ ಎಂದು ಅದರಲ್ಲಿತ್ತು. ನಾಮಪತ್ರದ ಒಂದು ಕಟ್ಟನ್ನೂ ಮೇಜಿನ ಮೇಲಿಟ್ಟು ಹೊರಟರು.

ಗುಮಾಸ್ತರು ಹರಿದ ಚೂರುಗಳನ್ನು ಜೋಡಿಸಿ ನೋಡುತ್ತಿದ್ದಾಗ ಟೈಲರು ಒಳಗೆ ಬಂದು, ಸಂಕೋಚದಿಂದಲೇ ಒಂದು ನಾಮಪತ್ರ ಕೇಳಿದ. ಅವನು ನಿಲ್ಲುತ್ತಾನೆಂದರೆ ತನಗೂ ಒಂದಿರಲಿ ಎಂದ ಕ್ಷೌರಿಕ. ಅವರ ಬೆನ್ನ ಹಿಂದೆ, ಸುದ್ದಿ ಕೇಳಿ ಓಡಿಬಂದ ಹೆಂಡತಿ ಏದುಸಿರು ಬಿಡುತ್ತಾ ನಿಂತಿದ್ದಳು.

“ರೀ, ನನಗೂ ಒಂದು ಕೊಡಿ,” ಅಂದಳು.

“ನೀನ್ಯಾಕೆ?”

“ಗೆದ್ದು ಹೋಗಿ ಮೊದಲು ಈ ಕ್ಷೇತ್ರಾನ ರದ್ದು ಮಾಡಿಸ್ತೀನಿ. ನಿಮಗೆ ಪಿಂಚಣಿ ಬೇಡ್ವಾ?”

ಗುಮಾಸ್ತರು ಆಸೆಯಿಂದ ಒಂದು ಕ್ಷಣ ಹೆಂಡತಿಯ ಮುಖ ನೋಡಿದರು. ಆಮೇಲೆ, ಚುನಾವಣಾಧಿಕಾರಿ ಯಾರ ಪರವೂ ಇರಬಾರದೆಂಬ ನಿಯಮ ನೆನಪಾಗಿ, ಸರದಿಯಲ್ಲಿ ಬಾ ಎಂದರು.