ಹಾಸಿಗೆಯಲ್ಲಿ ಸಿಗದ ರೋಗಿ

ರೋಗಿಯಾಗುವುದಕ್ಕೂ ಒಂದು ಯೋಗ್ಯತೆ ಬೇಕು. ನನಗದು ಇಲ್ಲವೆಂದು ಐವತ್ತೆರಡನೆಯ ವಯಸ್ಸಿನಲ್ಲಿ ಗೊತ್ತಾಯಿತು. ಸ್ತನದ ಕ್ಯಾನ್ಸರಿಗೆ ಆಪರೇಷನ್ ಆಗಿ, ಕೀಮೋ ಮುಗಿದು, ಬೋಳು ತಲೆ ಹೊತ್ತು ಹಂಪಿ ಬಜಾರಿನ ಮನೆಗೆ ಮರಳಿದೆ. ಮಾತಾಡಿಸಲು ಬಂದವರ ಲೆಕ್ಕದಲ್ಲಿ ರೋಗಿ ಕಣ್ಣು ಅರ್ಧ ಮುಚ್ಚಿ ಮಲಗಿರಬೇಕು. ಬಂದವರ ಗುರುತು ತಡವಾಗಿ ಹತ್ತಬೇಕು. ನಾನೋ ಶಾಲೆಯ ಟೀಚರು. ಎದ್ದು ಕುರ್ಚಿ ಎಳೆದು "ಕುಂದ್ರಿ" ಎಂದುಬಿಡುತ್ತಿದ್ದೆ. ಎಳನೀರು ತಂದವರ ಮುಖ ಸಪ್ಪಗಾಗುತ್ತಿತ್ತು. ಆದರೂ ಬಿಡದೆ, "ನಮ್ಮ ಓಣ್ಯಾಗ ಒಬ್ಬಾಕಿಗೆ ಹಿಂಗ ಆಗಿತ್ತು, ಪಾಪ..." ಎಂದು ಶುರುಮಾಡಿ, ನನ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸುತ್ತಿದ್ದರು.

"ಆದಷ್ಟು ನಡೀರಿ" ಎಂದಿದ್ದರು ಡಾಕ್ಟರು. ಅವರ ಮನಸ್ಸಿನಲ್ಲಿದ್ದದ್ದು ಮನೆಯ ಕಟ್ಟೆಯೇ ಇರಬೇಕು; ನನ್ನ ಕಣ್ಣೆದುರಿಗಿದ್ದದ್ದು ಮತಂಗ ಬೆಟ್ಟ. ಸೀರೆಯ ಕೆಳಗೆ ಕ್ಯಾನ್ವಾಸ್ ಶೂ, ತಲೆಗೊಂದು ಸ್ಕಾರ್ಫು. ಮೊದಲ ದಿನ ಹನ್ನೊಂದು ಮೆಟ್ಟಿಲು ಹತ್ತಿ, ಕೂತು, ಗಳಗಳನೆ ಅತ್ತೆ. ಮರುದಿನ ಹದಿನೈದು. ಒಂದೂವರೆ ತಿಂಗಳಿಗೆ ತುದಿ ಮುಟ್ಟಿದೆ. ಅಲ್ಲೊಂದು ಕೋತಿ ನನ್ನ ಸ್ಕಾರ್ಫು ಕಿತ್ತುಕೊಂಡಿತು. ಬೋಳು ತಲೆ ಕಂಡದ್ದೇ ತಡ, ಸ್ಕಾರ್ಫನ್ನು ಅಲ್ಲೇ ಬಿಟ್ಟು ಎರಡು ಬಂಡೆ ಹಿಂದೆ ಸರಿದು ಕೈಕಟ್ಟಿ ಕೂತಿತು. ಅಷ್ಟು ಮರ್ಯಾದೆ ನನಗೆ ಶಾಲೆಯಲ್ಲೂ ಸಿಕ್ಕಿರಲಿಲ್ಲ. ಸಾವಿನ ಹೆದರಿಕೆ ಇರಲಿಲ್ಲವೆಂದರೆ ಸುಳ್ಳು; ಅದು ಹಾಸಿಗೆಯಲ್ಲಿ ನನ್ನ ಪಕ್ಕದಲ್ಲೇ ಮಲಗುತ್ತಿತ್ತು. ಬೆಟ್ಟ ಹತ್ತುವಾಗ ಮಾತ್ರ, ಉಸಿರಿಗೆ ಪರದಾಡುವ ಗಡಿಬಿಡಿಯಲ್ಲಿ, ಅದನ್ನು ಮರೆತುಬಿಡುತ್ತಿದ್ದೆ. ನನ್ನ ಕಾಲುಗಳ ಬಗ್ಗೆ ನನಗೆ ಜಂಬ ಬಂತು. ಇವತ್ತಿಗೂ ಇದೆ.

ಆ ಜಂಬಕ್ಕೆ ಕಲ್ಲು ಹಾಕಲು ಬಂದವರು ನಮ್ಮ ಯಜಮಾನರ ಅಕ್ಕ, ಸಂಡೂರಿನ ಗಿರಿಜಕ್ಕ. ಅದಿರಿನ ಭರಾಟೆಯಲ್ಲಿ ಅವರ ಒಂದು ಲಾರಿ ಆರಾಗಿತ್ತು. ಹೊಸ ಬಿಳಿ ಕಾರು ಧೂಳಿಗೆ ಕೆಂಪಾಗಿತ್ತು. ನನ್ನ ರಕ್ತದಲ್ಲಿ ಕಬ್ಬಿಣ ಕಡಿಮೆಯೆಂದು ಕೇಳಿ ಅವರಿಗೆ ಅವಮಾನವೇ ಆಯಿತು. "ನಮ್ಮ ಲಾರ್ಯಾಗ ದಿನಾ ಲೋಡ್‌ಗಟ್ಟಲೆ ಕಬ್ಬಿಣ ಹೋಗ್ತೈತಿ, ನಿನ್ನ ಮೈಯಾಗ ಇಲ್ಲಂದ್ರ ಹೆಂಗವ್ವ?" ಎಂದರು. ಆಮೇಲೆ ತಮ್ಮನತ್ತ ತಿರುಗಿ, "ಮಾತಾಡ್ಸಾಕ ಬಂದೋರು ಖಾಲಿ ಹಾಸಿಗಿ ನೋಡ್ಕೊಂಡು ಹೋಗ್ಬೇಕೇನು? ನಾಳಿಂದ ಗುಡ್ಡ ಬಂದ್!" ಎಂದರು. ನಮ್ಮ ಯಜಮಾನರು "ಹೂನಕ್ಕ" ಅಂದುಬಿಟ್ಟರು. ಅಕ್ಕನೆದುರು ಅವರಿಗೆ ಬೇರೆ ಮಾತು ಬರುವುದಿಲ್ಲ. ಇನ್ನು ಇಡೀ ದಿನ, ಹೆದರಿಕೆ ಪಕ್ಕದಲ್ಲೇ ಮಲಗುವ ಆ ಹಾಸಿಗೆಯೇ ನನಗೆ ಗತಿ.

ಮರುದಿನ ಬೆಳಿಗ್ಗೆ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಹಿತ್ತಿಲ ಬಾಗಿಲಿನಿಂದ ಜಾರಿಕೊಂಡೆ. ತುದಿಯಲ್ಲಿ ಕೂತಿದ್ದಾಗ ಕೆಳಗಿನಿಂದ "ಶಾರದಾ!" ಎಂಬ ಕೂಗು. ನನ್ನನ್ನು ಎಳೆದೊಯ್ಯಲು ರೇಷ್ಮೆ ಸೀರೆಯಲ್ಲೇ ಹೊರಟ ಗಿರಿಜಕ್ಕ ಅರ್ಧ ದಾರಿಗೆ ತಲೆಸುತ್ತು ಬಂದು ಬಂಡೆಗೊರಗಿದ್ದರು. ನೀರು ಕುಡಿಸಿ, ಕೈ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಸಿ, ತಂದು ನನ್ನ ಹಾಸಿಗೆಯಲ್ಲೇ ಮಲಗಿಸಿದೆ.

ಅಷ್ಟರಲ್ಲಿ ಮೆಟ್ರಿ ಹಳ್ಳಿಯಿಂದ ದೂರದ ನೆಂಟರಾದ ಮುದುಕ ಮುದುಕಿ ಬಂದರು. ನನ್ನನ್ನು ಎಂದೋ ಮದುವೆಯಲ್ಲಿ ಕಂಡವರು. ತಲೆತುಂಬ ಸೆರಗು ಹೊದ್ದು ಚಹಾ ತಂದ ನನ್ನತ್ತ ನೋಡಲೇ ಇಲ್ಲ. ಮುದುಕಿ ನೇರ ಹಾಸಿಗೆಗೆ ಹೋಗಿ, "ಧೈರ್ಯ ತಗೋರಿ ಶಾರದಮ್ಮ. ಇಂಥಾ ಕಾಯಿಲ್ಯಾಗೂ ಮೈ ಭಾಳ ಚಲೋ ಉಳಿಸ್ಕೊಂಡೀರಿ" ಎಂದಳು. ಗಿರಿಜಕ್ಕ ಕಣ್ಣು ಅರ್ಧ ತೆರೆದು ನರಳಿದರು. ಎಷ್ಟು ಚೆಂದದ ರೋಗಿ! ಮುದುಕಿ ತೃಪ್ತಿಯಿಂದ ಬಾಳೆಹಣ್ಣಿಟ್ಟು ಹೊರಟಳು.

ನಾನು ಹಾಸಿಗೆಯ ಪಕ್ಕದಲ್ಲಿ ಕೂತೆ. ಅಕ್ಕನ ಕಾಲು ಒತ್ತುತ್ತಾ, "ಈಗ ಹೆಂಗೈತ್ರಿ ಅಕ್ಕಾರ? ಏನೂ ಆಗಂಗಿಲ್ಲ ಬಿಡ್ರಿ. ನಮ್ಮ ಓಣ್ಯಾಗ ಒಬ್ಬಾಕಿಗೆ ಹಿಂಗ ತಲಿ ತಿರುಗಿತ್ತು, ಪಾಪ..." ಎಂದೆ. ಬಾಯಿಂದ ತಾನಾಗಿಯೇ ಬಂತು. ಹೇಳುವವರಿಗೆ ಇದರಲ್ಲಿ ಇಷ್ಟು ಸುಖವಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಗಿರಿಜಕ್ಕ ಧಡಕ್ಕನೆ ಎದ್ದು ಕೂತರು. "ನಿನಗ ಕೈ ಮುಗಿತೀನವ್ವ, ನೀ ಗುಡ್ಡಕ್ಕ ಹೋಗು. ದಿನಾ ಎರಡು ಸಲ ಬೇಕಾದ್ರೂ ಹೋಗು. ನನ್ನ ಮಾತ್ರ ಮಾತಾಡ್ಸಾಕ ಬರಬ್ಯಾಡ!"

ಬೆಟ್ಟವೇನೋ ವಾಪಸು ಸಿಕ್ಕಿತು. ಆದರೆ ಆ ಓಣಿಯವಳ ಕಥೆಯನ್ನು ಪೂರ್ತಿ ಹೇಳಲು ಬಿಡಲಿಲ್ಲವಲ್ಲ ಎಂದು ನನಗೆ ಇವತ್ತಿಗೂ ಬೇಜಾರಿದೆ.