ಹನ್ನೊಂದು ಜನರನ್ನು ಎಣಿಸಿ ಹೋದ ಸಾಹೇಬರಿಗೆ

ಮಾನ್ಯರೇ,

ಕಾಳಿ ನದಿಯ ದಂಡೆಯ ಕೋಗಿಲಬನದಿಂದ, ದಾಂಡೇಲಿಯ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾಗಿರುವ ಅಡಿವೆಯ್ಯ ಎಂಬ ನಾನು, ತಮಗೂ, ತಮ್ಮ ಪೆನ್ನಿಗೂ, ವಿಶೇಷವಾಗಿ ತಮ್ಮ ಬಲಗೈಯ ತೋರುಬೆರಳಿಗೂ ಮಾಡುವ ಅನಂತ ನಮಸ್ಕಾರಗಳು. ಆ ಬೆರಳಿನಿಂದ ತಾವು ದಾಂಡೇಲಿಯಿಂದ ಅಳ್ನಾವರದ ಮೇಲೆ ಧಾರವಾಡಕ್ಕೆ ಹೋಗುತ್ತಿದ್ದ ನಮ್ಮ ಬೆಳಗಿನ ರೈಲುಗಾಡಿಯ ಪ್ರಯಾಣಿಕರನ್ನು ಎಣಿಸಿ, ‘ಹನ್ನೊಂದು’ ಎಂದು ಬರೆದುಕೊಂಡು ಹೋಗಿ ಮೂರು ವರ್ಷವಾಯಿತು. ತಾವು ಹೋದ ಒಂದೂವರೆ ತಿಂಗಳಿಗೆ, ‘ಪ್ರಯಾಣಿಕರ ಕೊರತೆ’ ಎಂಬ ಕಾರಣ ಬರೆದ ಒಂದು ಹಾಳೆ ಸ್ಟೇಶನ್ನಿನ ಗೋಡೆಗೆ ಅಂಟಿತು, ಗಾಡಿ ನಿಂತಿತು. ತಾವು ಕ್ಷೇಮವಾಗಿದ್ದೀರಿ, ಬಡ್ತಿಯೂ ಆಗಿದೆ ಎಂದು ಕೇಳಿ ಸಂತೋಷಪಟ್ಟೆ.

ಇಂಥ ಎಣಿಕೆ ಎಲ್ಲರಿಗೂ ಬರುವುದಲ್ಲ. ಟಿಕೆಟ್ ಕೊಡುವ ಕಿಟಕಿಯಲ್ಲಿ ಒಂದು ಮಾತು ಕೇಳದೆ, ಹಿಂದಿನ ಡಬ್ಬಿಗಳ ಬಾಗಿಲು ತಟ್ಟದೆ, ಕೂತ ಜಾಗದಿಂದ ಏಳದೆ, ಮಿರ್ಚಿ ಭಜಿ ತಿನ್ನುತ್ತಲೇ ದಾಂಡೇಲಿ, ಹಳಿಯಾಳ, ಜೋಯಿಡಾ ಸೀಮೆಯ ಜನ ಎಲ್ಲಿಗೂ ಹೋಗುವವರಲ್ಲ ಎಂದು ತೀರ್ಮಾನಿಸಿದ ವಿದ್ವಾಂಸರನ್ನು ನಾನು ಬೇರೆ ಕಂಡಿಲ್ಲ. ದೇಶದ ಜನಗಣತಿಯನ್ನು ತಮಗೇ ಒಪ್ಪಿಸಿದ್ದರೆ ಜನಸಂಖ್ಯೆಯ ಸಮಸ್ಯೆ ಒಂದೇ ಬೆಳಿಗ್ಗೆ, ಎರಡು ಕಪ್ ಚಹಾದಲ್ಲಿ ಬಗೆಹರಿಯುತ್ತಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಆದರೆ ನಿಜ ಹೇಳಬೇಕು, ತಪ್ಪು ಪೂರ್ತಿ ತಮ್ಮದಲ್ಲ. ‘ಸಾಹೇಬರು ಬರುತ್ತಾರೆ, ಸಂಜೆಗೂ ಒಂದು ಗಾಡಿ ಕೊಡಬಹುದೋ ಎಂದು ನೋಡುತ್ತಾರೆ’ ಎಂದು ನಮ್ಮಲ್ಲಿ ಸುದ್ದಿ ಹಬ್ಬಿತ್ತು. ನಮ್ಮ ಕಡೆ ಮನೆಗೆ ದೊಡ್ಡವರು ಬಂದರೆ ಪಡಸಾಲೆ ಖಾಲಿ ಮಾಡುತ್ತೇವೆ. ಕಂಬಳಿ ಹಾಸಿ, ಮಕ್ಕಳನ್ನು ಹಿತ್ತಲಿಗೆ ಅಟ್ಟಿ, ಬಂದವರು ಆರಾಮವಾಗಿ ಕಾಲು ಚಾಚಲಿ ಎಂದು ನಾವು ಬಾಗಿಲಾಚೆ ನಿಲ್ಲುತ್ತೇವೆ. ಗಾಡಿಯಲ್ಲೂ ಅದನ್ನೇ ಮಾಡಿದೆವು. ಇದ್ದ ಮೂರು ಡಬ್ಬಿಗಳಲ್ಲಿ ಮುಂದಿನದನ್ನು ಗುಡಿಸಿ, ಒರೆಸಿ, ಊದಿನಕಡ್ಡಿ ಹಚ್ಚಿ ತಮಗಾಗಿ ತೆರವು ಮಾಡಿ, ದಿನನಿತ್ಯದ ಮುನ್ನೂರು ಜನರನ್ನು ಹಿಂದಿನ ಎರಡು ಡಬ್ಬಿಗಳಲ್ಲಿ ತುಂಬಿದೆವು. ಅವರ ಗದ್ದಲ ತಮ್ಮ ಕಿವಿಗೆ ಬೀಳಬಾರದೆಂದು ಬಾಗಿಲು, ಕಿಟಕಿ ಎಲ್ಲ ಮುಚ್ಚಿಸಿದೆವು. ಮುಚ್ಚಿಸಿದವನು ನಾನೇ. ಮಿಲ್ಲಿನಲ್ಲಿ ಎಲ್ಲರ ಅರ್ಜಿ ಬರೆದುಕೊಡುತ್ತಿದ್ದವನಾದ್ದರಿಂದ ದೊಡ್ಡವರ ಮುಂದೆ ಹೇಗಿರಬೇಕೆಂದು ನನಗೆ ಗೊತ್ತು ಎಂಬ ಜಂಬ ನನಗಿತ್ತು.

ತಾವು ಎಣಿಸಿದ ಹನ್ನೊಂದು ಜನ ಯಾರೆಂದರೆ, ಹಾರ ಹಿಡಿದವರು ಇಬ್ಬರು, ಚಹಾದ ಥರ್ಮಾಸಿನವನೊಬ್ಬ, ಭಜಿಯ ತಾಟಿನವನೊಬ್ಬ, ಫೋಟೋ ತೆಗೆಯುವವನೊಬ್ಬ, ಮನವಿ ಓದಬೇಕಾಗಿದ್ದ ನಾನು, ನಾನು ಓದುವಾಗ ಹೌದು ಹೌದು ಎಂದು ತಲೆಯಾಡಿಸಲು ಗೊತ್ತುಮಾಡಿದ್ದ ಐವರು. ತಾವು ಅಳ್ನಾವರದಲ್ಲಿ ಇಳಿದು ಜೀಪು ಹತ್ತಿದ ಮೇಲೆ ಹಿಂದಿನ ಡಬ್ಬಿಯ ಬಾಗಿಲು ತೆಗೆದೆ. ಜೋಯಿಡಾ ಕಡೆಯಿಂದ ಗೆಡ್ಡೆಗೆಣಸು ತಂದು ಧಾರವಾಡದಲ್ಲಿ ಮಾರುವ ಸಕ್ಕುಬಾಯಿ ಬುಟ್ಟಿಯ ಮೇಲೆ ಬುಟ್ಟಿ ಇಟ್ಟುಕೊಂಡು, ಬೆವರಿನಲ್ಲಿ ತೊಯ್ದು ನಿಂತಿದ್ದಳು. ‘ಅಯ್ಯಾರ, ಸಾಹೇಬ್ರು ಹ್ವಾದ್ರೇನ್ರಿ? ಈಗರ ಉಸಿರು ಬಿಡ್ಲೇನು?’ ಎಂದು ಕೇಳಿದಳು. ಎಲ್ಲರೂ ನಕ್ಕೆವು. ಎಲ್ಲ ಚಂದ ಆಯಿತು ಎಂಬ ಸಮಾಧಾನದಲ್ಲಿ ನಾನಂತೂ ಧಾರವಾಡದ ತನಕ ನಗುತ್ತಲೇ ಇದ್ದೆ.

ಆ ಡಬ್ಬಿಯಲ್ಲಿ ನನ್ನ ಹೆಂಡತಿ ನಿರ್ಮಲಾ ಕೂಡ ಇದ್ದಳು. ಅವಳ ವಿಷಯ ತಮ್ಮ ಕಡತಕ್ಕೆ ಸಂಬಂಧಪಟ್ಟದ್ದಲ್ಲವೆಂದು ತಿಳಿದೂ ಬರೆಯುತ್ತಿದ್ದೇನೆ, ಕ್ಷಮಿಸಬೇಕು. ಕಲ್ಲು ಕಟ್ಟಿ ಕೆಟ್ಟಿದ್ದ ಅವಳ ಒಂದು ಕಿಡ್ನಿಯನ್ನು ಧಾರವಾಡದ ಡಾಕ್ಟರು ತೆಗೆದಿದ್ದಾರೆ, ಈಗ ಇರುವುದು ಒಂದೇ. ಅದು ಉಳಿಯಬೇಕಾದರೆ ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿಯಬೇಕು, ಯಾವ ಕಾರಣಕ್ಕೂ ಮೂತ್ರ ತಡೆಹಿಡಿಯಬಾರದು, ಹದಿನೈದು ದಿನಕ್ಕೊಮ್ಮೆ ಬಂದು ತೋರಿಸಬೇಕು ಎಂದು ಅಪ್ಪಣೆಯಾಗಿದೆ. ಗಾಡಿಯಲ್ಲಿ ಪಾಯಖಾನೆ ಇತ್ತು. ಅದರ ಚಿಲಕ ಸರಿ ಇರಲಿಲ್ಲ, ನಾನು ಹೊರಗೆ ನಿಂತು ಬಾಗಿಲು ಹಿಡಿದುಕೊಳ್ಳಬೇಕಾಗುತ್ತಿತ್ತು, ನಲ್ಲಿಯಲ್ಲಿ ನೀರು ಬಂದರೆ ಪುಣ್ಯ, ಆದರೂ ಅದು ಇತ್ತು. ಅದಕ್ಕಿಂತ ಹೆಚ್ಚಿನದನ್ನು ನಿರ್ಮಲಾ ಯಾವ ಸರ್ಕಾರದಿಂದಲೂ ಬೇಡಿದವಳಲ್ಲ.

ಈಗ ಬಸ್ಸಿದೆ. ಹೆಂಗಸರಿಗೆ ಪುಕ್ಕಟೆ, ಗಾಡಿ ಯಾಕೆ ಬೇಕು ಎಂದು ತಮ್ಮ ಕಚೇರಿಯವರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಬಸ್ಸಿನಲ್ಲಿ ಎಲ್ಲ ಇದೆ, ಒಂದು ಮಾತ್ರ ಇಲ್ಲ. ಹಳಿಯಾಳದಲ್ಲಿ ಐದು ನಿಮಿಷ ನಿಲ್ಲುತ್ತದೆ, ಅಲ್ಲಿನ ಸರದಿ ಹತ್ತು ನಿಮಿಷದ್ದು. ಒಮ್ಮೆ ಅವಳು ಇಳಿದು ಬರುವಷ್ಟರಲ್ಲಿ ಬಸ್ಸು ಹೊರಟುಬಿಟ್ಟಿತು. ನಾನು ಕೂಗಾಡಿ ನಿಲ್ಲಿಸಿದಾಗ ಅವಳು ಸೆರಗು ಹಿಡಿದುಕೊಂಡು ರಸ್ತೆಯ ಮೇಲೆ ಓಡಿ ಬರುತ್ತಿದ್ದಳು, ಇಡೀ ಬಸ್ಸು ಕಿಟಕಿಯಿಂದ ನೋಡುತ್ತಿತ್ತು. ಅಂದಿನಿಂದ ಇಳಿಯುವುದನ್ನೇ ಬಿಟ್ಟಳು. ಧಾರವಾಡಕ್ಕೆ ಹೋಗುವ ಹಿಂದಿನ ದಿನ ಮಧ್ಯಾಹ್ನದಿಂದ ನೀರು ಮುಟ್ಟುವುದಿಲ್ಲ. ನಾನು ಲೋಟ ಹಿಡಿದು ನಿಂತರೆ, ‘ಕುಡದು ಬಸ್ಸಿನ್ಯಾಗ ಏನ್ ಮಾಡ್ಲಿ? ನೀವು ಬರದ ಅರ್ಜಿ ಹಿಡ್ಕೊಂಡು ಕುಂದ್ರಲೇನು?’ ಎನ್ನುತ್ತಾಳೆ. ಹೀಗೆ ಕಿಡ್ನಿ ಉಳಿಸಿಕೊಳ್ಳಲು ಹೋಗುವ ದಾರಿಯಲ್ಲೇ ಅದನ್ನು ಹಾಳುಮಾಡಿಕೊಳ್ಳುವ ವ್ಯವಸ್ಥೆ ನಮ್ಮದಾಗಿದೆ. ಕಳೆದ ತಿಂಗಳು ಸೋಂಕಾಗಿ ಆರು ದಿನ ಆಸ್ಪತ್ರೆಯಲ್ಲಿ ಮಲಗಿದ್ದಳು. ಡಾಕ್ಟರು ನನ್ನನ್ನು ಹೊರಗೆ ಕರೆದು, ‘ಇನ್ನೊಂದ್ ಸಲ ಹಿಂಗಾದ್ರ ಇದ್ದದ್ದೂ ಹೋಗತೈತಿ, ನೋಡ್ರಿ’ ಎಂದರು. ನನಗೆ ಭಯವಾಗಿದೆ, ಸಾಹೇಬರೇ.

ಗಾಡಿ ಮತ್ತೆ ಬಿಡಬೇಕೆಂದು ನಾವು ಏಳು ಅರ್ಜಿ ಕೊಟ್ಟೆವು. ಏಳನೆಯದಕ್ಕೆ ಉತ್ತರ ಬಂದಿದೆ: ‘ಸದರಿ ಮಾರ್ಗದಲ್ಲಿ ಕಳೆದ ಮೂರು ವರ್ಷಗಳಿಂದ ಒಬ್ಬ ಪ್ರಯಾಣಿಕನೂ ಪ್ರಯಾಣಿಸಿರುವುದಿಲ್ಲವಾದ್ದರಿಂದ ಬೇಡಿಕೆ ಕಂಡುಬಂದಿರುವುದಿಲ್ಲ.’ ಇದನ್ನು ನಾನು ಮುಂಡಗೋಡದಲ್ಲಿರುವ ನನ್ನ ಭಾವಮೈದುನ ರುದ್ರೇಶನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರೂರಿಗೆ ರೈಲು ಬಂದದ್ದೇ ಇಲ್ಲ. ‘ಮಾವಾರ, ನಮ್ಮೂರಾಗೂ ಬೇಡಿಕಿ ಇಲ್ಲ ಅಂತ ಈಗ ತಿಳೀತು ನೋಡ್ರಿ’ ಎಂದು ನಕ್ಕ. ಗಾಡಿ ಇಲ್ಲದಿರುವಾಗ ಅದನ್ನು ಹತ್ತದೆ ಹೋದದ್ದು ನಮ್ಮ ದೊಡ್ಡ ತಪ್ಪು, ಮನ್ನಿಸಬೇಕು.

ಆದ್ದರಿಂದ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ, ಜನರನ್ನು ಸಾಗಿಸುವುದು ಕಷ್ಟವಾದರೆ ನಮ್ಮನ್ನು ಸಾಗವಾನಿ ದಿಮ್ಮಿಗಳೆಂದು ದಾಖಲಿಸಿಕೊಳ್ಳಬೇಕು. ಬ್ರಿಟಿಷರು ಈ ಕಾಡಿಗೆ ಹಳಿ ಹಾಕಿದ್ದೇ ದಿಮ್ಮಿಗಳಿಗಾಗಿ, ಆಗ ಯಾರೂ ಕೊರತೆ ಎಂದವರಲ್ಲ. ದಿಮ್ಮಿಗಳಿಗೆ ಮೂತ್ರ ಬರುವುದಿಲ್ಲವೆಂಬ ನಿಯಮ ಅಡ್ಡ ಬಂದರೆ, ನಿರ್ಮಲಾಳ ಕಿಡ್ನಿಗೆ ನೇರವಾಗಿ ಒಂದು ಆದೇಶ ಹೊರಡಿಸಿ, ಧಾರವಾಡ ಮುಟ್ಟುವ ತನಕ ಕೆಲಸ ಸ್ಥಗಿತಗೊಳಿಸುವಂತೆ ಸೂಚಿಸಬೇಕು. ತಮ್ಮ ಸಹಿ ಇದ್ದರೆ ಚೆನ್ನಾಗಿ ಓಡುತ್ತಿದ್ದದ್ದೂ ನಿಲ್ಲುವುದನ್ನು ನಾವು ಕಂಡಿದ್ದೇವೆ. ಅದೂ ಆಗದಿದ್ದರೆ, ಬರುವ ಗುರುವಾರ ಅವಳನ್ನು ತೋರಿಸಲು ಕರೆದೊಯ್ಯಬೇಕಿದೆ, ತಾವು ಒಂದು ದಿನ ಬಿಡುವು ಮಾಡಿಕೊಂಡು ನಮ್ಮ ಮನೆಗೆ ದಯಮಾಡಿಸಿ, ಡಾಕ್ಟರು ಬರೆದುಕೊಟ್ಟ ಪ್ರಕಾರ ನೀರು ಕುಡಿದು, ಬಸ್ಸಿನ ಹಿಂದಿನ ಸೀಟಿನಲ್ಲಿ ನಮ್ಮ ಜೊತೆ ಧಾರವಾಡದವರೆಗೆ ಬರಬೇಕು. ರಸ್ತೆಯ ತಗ್ಗುಗಳನ್ನು ತಾವೇ ಎಣಿಸಬಹುದು. ಹನ್ನೊಂದಕ್ಕಿಂತ ಹೆಚ್ಚಿವೆ.

ಇಂತಿ, ಮುಂದಿನ ಡಬ್ಬಿಯಲ್ಲಿ ಕೂತಿದ್ದರಿಂದ ಎಣಿಕೆಗೆ ಸಿಕ್ಕಿದ,
ತಮ್ಮ ವಿಶ್ವಾಸಿ,
ಅಡಿವೆಯ್ಯ, ಕೋಗಿಲಬನ

ತಾ.ಕ.: ಈ ಪತ್ರವನ್ನು ಪೇಪರಿಗೆ ಕಳಿಸುತ್ತೇನೆಂದು ತಿಳಿದು ನಿರ್ಮಲಾ, ‘ನನ್ನ ಹೆಸರು ಬರೀಬ್ಯಾಡ್ರಿ, ಮಂದಿ ಓದತಾರ, ನಾಚಿಕಿ ಬರತೈತಿ’ ಎಂದಳು. ಆದರೂ ಬರೆದಿದ್ದೇನೆ. ಮೂರು ವರ್ಷ ಅವಳೊಬ್ಬಳೇ ನಾಚಿಕೆಪಟ್ಟದ್ದು ಸಾಕು. ಬಾಗಿಲು ಮುಚ್ಚಿಸಿದವನು ನಾನಾದ್ದರಿಂದ ಅದರಲ್ಲಿ ಅರ್ಧ ನನಗೆ ಸೇರಬೇಕು, ಇಟ್ಟುಕೊಂಡಿದ್ದೇನೆ. ಉಳಿದರ್ಧ ತಮ್ಮದು, ಇದರ ಜೊತೆ ಕಳಿಸಿದ್ದೇನೆ. ಮುಟ್ಟಿದ್ದಕ್ಕೆ ಒಂದು ಸಾಲು ಬರೆಯಬೇಕು.