ಅಮ್ಮ ಹಸಿರಾದದ್ದು

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ಮಾತೂ ಅಷ್ಟಕ್ಕಷ್ಟೆ. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು ಬರೆದದ್ದೆಂದು ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ.

ಅಪ್ಪ ದೂರದ ಬಂದರಿನಲ್ಲಿ ಕ್ರೇನ್ ನಡೆಸುತ್ತಾರೆ. ರಜೆ ಕೇಳಿದಾಗಲೆಲ್ಲ ಅವರ ಸಾಹೇಬರದು ಒಂದೇ ಮಾತು, ‘ಮುಂದಿನ ತಿಂಗಳು.’ ಹೀಗೆ ಮುಂದಿನ ತಿಂಗಳುಗಳಲ್ಲೇ ಎರಡು ವರ್ಷ ಕಳೆದಿದೆ. “ನಿಮ್ಮಮ್ಮನದೊಂದು ಒಳ್ಳೆ ಫೋಟೋನಾದ್ರೂ ಕಳಿಸು ಮಗಳೇ, ನನ್ನ ಕ್ಯಾಮೆರಾ ಅಲ್ಲೇ ಇದೆಯಲ್ಲ” ಎಂದರು ಮೊನ್ನೆ. ದನಿ ಬಹಳ ಚಿಕ್ಕದಾಗಿತ್ತು. ಅಂದೇ ಹಟ ಹಿಡಿದೆ.

ಆದರೆ ಆ ಕ್ಯಾಮೆರಾದ ಫ್ಲ್ಯಾಶ್ ಮಹಾ ಮುಂಗೋಪಿ. ನೇರ ಹೊಡೆದರೆ ಅಮ್ಮನ ಹಣೆ ಸ್ಟೀಲ್ ತಟ್ಟೆಯಂತೆ ಹೊಳೆಯುತ್ತದೆ, ಕಣ್ಣು ಮುಚ್ಚಿಹೋಗುತ್ತದೆ, ಹಿಂದಿನ ಗೋಡೆಯಲ್ಲಿ ನೆರಳು ಕಳ್ಳನಂತೆ ನಿಂತಿರುತ್ತದೆ. (ಅಮ್ಮನ ಅಭಿಪ್ರಾಯ: “ಪೊಲೀಸರು ಇದಕ್ಕಿಂತ ಚೆನ್ನಾಗಿ ತೆಗೀತಾರೆ.”)

ಒಂದು ವಿಡಿಯೋ ನೋಡಿ ಉಪಾಯ ಕಲಿತೆ. ಫ್ಲ್ಯಾಶಿನ ತಲೆಯನ್ನು ಚಾವಣಿಯ ಕಡೆ ಎತ್ತಿ, ಹಿಂದೊಂದು ಬಿಳಿ ರಟ್ಟು ಕಟ್ಟಬೇಕು. ಬೆಳಕು ಮೇಲೆ ಬಡಿದು, ಸಿಟ್ಟಿಳಿದು, ಮೆಲ್ಲಗೆ ಮುಖಕ್ಕೆ ಬರುತ್ತದೆ. ಅಂಗಿಯ ಡಬ್ಬಿಯ ರಟ್ಟನ್ನು ಅಳೆದು ಕತ್ತರಿಸಿ, ರಬ್ಬರ್ ಬ್ಯಾಂಡ್ ಬಿಗಿದು ಅಡುಗೆಮನೆಗೆ ಹೋದೆ. (ಅಮ್ಮನನ್ನು ಕದಲಿಸುವುದಕ್ಕಿಂತ ಒಲೆಯನ್ನು ಕದಲಿಸುವುದು ಸುಲಭ.)

“ಸ್ವಲ್ಪ ನಗಮ್ಮ.”

“ಹಾಲು ಉಕ್ತಾ ಇದೆ, ಇವಳಿಗೆ ನಗು ಬೇಕಂತೆ!”

“ಅಪ್ಪ ನೋಡ್ತಾರೆ.”

ಅಮ್ಮ ಕೂದಲು ಸರಿಮಾಡಿಕೊಂಡಳು. ಹಲ್ಲು ಕಾಣುವಷ್ಟು ನಕ್ಕಳು. ಹಾಲು ಉಕ್ಕಿತು.

ಫೋಟೋದಲ್ಲಿ ಮುಖ ಹೂವಿನಷ್ಟು ಮೃದು. ಬಣ್ಣ ಮಾತ್ರ ಎಳೆ ಹೀರೇಕಾಯಿ! ಬಾಗಿಲಿಗೆ ಬಳಿದು ಉಳಿದ ಹಸಿರು ಬಣ್ಣವನ್ನು ಅಪ್ಪ ಊರು ಬಿಡುವ ಮುನ್ನ ಅಡುಗೆಮನೆಯ ಚಾವಣಿಗೆ ಬಳಿದಿದ್ದರು. ಬೆಳಕು ಮಹಾರಾಯ ಅಲ್ಲಿಂದ ಇಳಿದು ಬರುವಾಗ ಆ ಹಸಿರನ್ನೂ ಕಂಕುಳಲ್ಲಿಟ್ಟುಕೊಂಡು ಬಂದಿದ್ದ.

ರಟ್ಟು ಕಿತ್ತು, ಫ್ಲ್ಯಾಶಿನ ಮುಖಕ್ಕೇ ಬಿಳಿ ಕರವಸ್ತ್ರ ಕಟ್ಟಿ, ನೇರವಾಗಿ ಇನ್ನೊಂದು ತೆಗೆದೆ. ಈ ಸಲ ಅಮ್ಮ ಅಮ್ಮನ ಬಣ್ಣದಲ್ಲೇ ಇದ್ದಳು, ಕಣ್ಣೂ ತೆರೆದಿತ್ತು. ಎರಡನ್ನೂ ಫೋನಿಗೆ ಹಾಕಿ, ಎರಡನೆಯದನ್ನು ಕಳಿಸೋಣ ಎನ್ನುವಷ್ಟರಲ್ಲಿ ಅಮ್ಮ ಮೊದಲನೆಯದನ್ನೇ ಕಳಿಸಿಯಾಗಿತ್ತು.

“ಅಯ್ಯೋ, ಅದು ಹಸಿರಮ್ಮ!”

“ಹಸಿರಾದ್ರೇನು? ಒಂದೂ ಸುಕ್ಕಿಲ್ಲ.”

ಸಂಜೆ ಅಪ್ಪನ ಫೋನು. ಅಮ್ಮ ಸ್ಪೀಕರ್ ಹಾಕಿದಳು. “ಡಾಕ್ಟರ್ ಏನಂದ್ರು?”

“ಯಾವ ಡಾಕ್ಟರು? ಗುಂಡುಕಲ್ಲಿನ ಹಾಗಿದೀನಿ. ಅದು ಚಾವಣಿ ಬಣ್ಣ ಕಣ್ರೀ.”

“ಮುಚ್ಚಿಡಬೇಡ. ಜ್ವರದಲ್ಲಿ ನಡುಗುವಾಗ್ಲೂ ನೀನು ಹೀಗೇ ಅಂತಿದ್ದೆ. ಫೋಟೋ ನೋಡಿ ಸಾಹೇಬರೇ ಹೆದರಿ ರಜೆ ಕೊಟ್ರು. ಶುಕ್ರವಾರ ಬರ್ತೀನಿ.”

ಅಮ್ಮ ಫೋನ್ ಕೆಳಗಿಟ್ಟಳು.

“ಎರಡನೇದನ್ನ ಕಳಿಸ್ತೀನಮ್ಮ, ಅಪ್ಪನಿಗೆ ಸಮಾಧಾನ ಆಗ್ಲಿ” ಎಂದೆ. (ನನ್ನ ಕಲೆಗೂ ನ್ಯಾಯ ಸಿಗಲಿ ಎಂದು.)

“ಕಳಿಸಿದ್ರೆ ಜೋಕೆ! ನಿಜ ಹೇಳಿ ಆಯ್ತು, ನಂಬಲಿಲ್ಲ. ಬಂದು ಕಣ್ಣಾರೆ ನೋಡ್ಲಿ.”

ಆಗ ಅಮ್ಮ ನಕ್ಕಳು ನೋಡಿ, ನಾನು ಗೋಗರೆದಾಗಲೂ ಬಾರದಂಥ ನಗು! ಕ್ಯಾಮೆರಾ ನನ್ನ ಕೈಯಲ್ಲಿರಲಿಲ್ಲ.

ನನ್ನ ಜೀವಮಾನದ ಶ್ರೇಷ್ಠ ಕೃತಿಗೆ ಹೀಗೆ ಫೋನಿನೊಳಗೇ ಸೆರೆವಾಸವಾಯಿತು. ನಾಳೆ ಬೆಳಿಗ್ಗೆ ಎದ್ದು ಅಪ್ಪನ ಹಾಸಿಗೆಯನ್ನು ಬಿಸಿಲಿಗೆ ಹಾಕುತ್ತೇನೆ.